ಪೀರನವಾಡಿಯಲ್ಲಿ ಬಲಕ್ಕೆ ತಿರುಗಿದೆವು!

ಸಿನಿಮಾದವರು ಔಟ್‌ಡೋರ್ ಶೂಟಿಂಗಿಗೆ ಹೋಗುವ ಮುಂಚೆ ನಾಲ್ಕು ಸಲ ಲೊಕೇಶನ್ ನೋಡಿ ಬರ್ತಾರೆ. ನಮ್ಮ ಮನೆಯವರದು ಹಾಗಲ್ಲ! ಗಣಪತಿಯನ್ನು ಕಳಿಸಿದ ಮೇಲಿನ ಭಾನುವಾರ, ಚಹಾ ಕುಡಿಯುತ್ತಿದ್ದ ಅಣ್ಣ ಕಪ್ಪು ಕೆಳಗಿಟ್ಟು, "ನಡೀರಿ, ಎಲ್ಲಿಗರೆ ಹೋಗಿ ಬರೂಣು" ಅಂದ. ಕಥೆಯಿಲ್ಲ, ಸ್ಕ್ರಿಪ್ಟಿಲ್ಲ. ಅರ್ಧ ತಾಸಿನಲ್ಲಿ ವೈನಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿದರು. ಅಪ್ಪ "ನಾ ಮನೀ ಕಾಯ್ತೀನಿ" ಅಂದರು. ಅಣ್ಣನ ಗೆಳೆಯನ ಹಳೇ ಓಮ್ನಿಯಲ್ಲಿ ನಾನು, ಅಣ್ಣ, ವೈನಿ, ಅವರ ಆರು ವರ್ಷದ ಮಗಳು ಮತ್ತು ಅವ್ವ.

ಬೆಳಗಾವಿ ದಾಟಿ ಪೀರನವಾಡಿ ವೃತ್ತಕ್ಕೆ ಬಂದಾಗಲೇ ಮೊದಲ ಫೈಟಿಂಗ್ ಸೀನು. ಎಲ್ಲಿಗೆ ಹೋಗೋದು? ಅಲ್ಲಿ ಸಂಗೊಳ್ಳಿ ರಾಯಣ್ಣ ನಿಂತಿದ್ದಾನೆ. ಆ ಪ್ರತಿಮೆಯ ಸಲುವಾಗಿ 2020ರ ಆಗಸ್ಟಿನಲ್ಲಿ ದೊಡ್ಡ ಗದ್ದಲವೇ ಎದ್ದಿತ್ತು. ಕೊನೆಗೆ ವೃತ್ತಕ್ಕೆ ಶಿವಾಜಿಯ ಹೆಸರು, ಪ್ರತಿಮೆ ರಾಯಣ್ಣನದು ಎಂದು ರಾಜಿಯಾಯಿತು. ಅಣ್ಣ 2012ರಲ್ಲಿ ದರ್ಶನ್ ಅವರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ನನ್ನು ಮೂರು ಸಲ ನೋಡಿದ ಆಸಾಮಿ. "ನೆಟ್ಟಗ ಖಾನಾಪುರ, ಅಲ್ಲಿಂದ ನಂದಗಡ. 1831ರಾಗ ರಾಯಣ್ಣಗ ಗಲ್ಲು ಹಾಕಿದ ಜಾಗ ನೋಡೂಣು" ಅಂತ ಅವನ ಹಟ. "ಬಲಕ್ಕ ತಿರುಗಿಸು, ಜಾಂಬೋಟಿ, ಕಣಕುಂಬಿ, ಮಲಪ್ರಭಾ ಹುಟ್ಟೂ ಊರು!" ಅಂತ ನನ್ನದು. ಹಿಂದಿನ ಸೀಟಿನಿಂದ ಅವ್ವ ಮೆಲ್ಲಗೆ ಅಂದಳು, "ಮಲಪ್ರಭಾನ ಕಡೆ ಹೋಗೂಣು."

ಅವ್ವ ಯಾವತ್ತೂ ಇಂಥಲ್ಲಿಗೆ ಅಂತ ಹೇಳಿದವಳಲ್ಲ. ಅಣ್ಣ ಪಿಟ್ಟೆನ್ನದೆ ಬಲಕ್ಕೆ ತಿರುಗಿಸಿದ.

ಕಿಣಯೆ ದಾಟಿದ ಮೇಲೆ ರಸ್ತೆಯ ಬಣ್ಣವೇ ಬೇರೆ. ಗದ್ದೆಯ ಹಸಿರು, ಅದರ ಮೇಲೆ ಕಾಡಿನ ಹಸಿರು, ಅದರ ಮೇಲೆ ಮಂಜು. ಕುಸಮಳ್ಳಿ ಹತ್ತಿರ ಮಲಪ್ರಭೆಯನ್ನು ದಾಟಿದೆವು. ಜಾಂಬೋಟಿಯಲ್ಲಿ ಚಹಾ, ಮಿರ್ಚಿ ಭಜಿ. ಅಂಗಡಿಯವನು ಮರಾಠಿಯಲ್ಲಿ ಕೇಳಿದ, ವೈನಿ ಕನ್ನಡದಲ್ಲಿ ಹೇಳಿದರು, ಭಜಿ ಬಿಸಿಬಿಸಿಯಾಗಿಯೇ ಬಂತು! ಈ ಸೀಮೆಯ ಹಬ್ಬನಹಟ್ಟಿಯಲ್ಲಿ ಹೊಳೆದಂಡೆಗೆ ಮಾರುತಿಯ ಗುಡಿಯಿದೆ. ಮಳೆಗಾಲದಲ್ಲಿ ಹೊಳೆ ಏರಿದರೆ ಗುಡಿ ಮುಳುಗುತ್ತದೆ. ಇದನ್ನು ಹೇಳಿದಾಗ ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾನು ಗಮನಿಸಲಿಲ್ಲ.

ಕಣಕುಂಬಿ! ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರ. ಹಂಚಿನ ಮನೆಗಳು, ಜಿಟಿಜಿಟಿ ಮಳೆ. ಇಲ್ಲಿ ಮಾವುಲಿ ದೇವಿಯ ಗುಡಿ. ಮರಾಠಿಯಲ್ಲಿ ಮಾವುಲಿ ಎಂದರೆ ತಾಯಿ. ಪಕ್ಕದಲ್ಲಿ ತೀರ್ಥದ ಹೊಂಡ. ಇಲ್ಲಿ ಹುಟ್ಟಿದ ಹೊಳೆ ಪಟ್ಟದಕಲ್ಲು, ಐಹೊಳೆಗಳನ್ನು ಮುಟ್ಟಿ, ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇದಕ್ಕೆ ಕಳಸಾ-ಬಂಡೂರಿ ನೀರು ತಿರುಗಿಸಬೇಕೆಂದು ರೈತರು ಹೋರಾಡಿದಾಗ, 2015ರಲ್ಲಿ ನಮ್ಮ ಚಿತ್ರರಂಗದವರೂ ಹುಬ್ಬಳ್ಳಿಗೆ ಬಂದಿದ್ದರಲ್ಲ, ಅದೇ ಹೊಳೆ!

ಅವ್ವ ಹೊಂಡದ ಮೆಟ್ಟಿಲ ಮೇಲೆ ನಿಂತಳು. ಅರಿಷಿಣ ಕುಂಕುಮ ಏರಿಸುತ್ತಾಳೆ ಅಂದುಕೊಂಡೆ. ಅವಳು ನೀರಿನ ಜೊತೆ ಮಾತಾಡಿದಳು.

"ಇಷ್ಟ ಸಣ್ಣಾಕಿ ಇದ್ದಿ ಏನ? ನಮ್ಮ ಮನೀ ಹೆಂಗ ನುಂಗಿದೆವ್ವಾ?"

ನಮಗೆಲ್ಲ ಮಾತೇ ಹೊರಡಲಿಲ್ಲ. ಆಮೇಲೆ ಗುಡಿಯ ಕಟ್ಟೆಯ ಮೇಲೆ ರೊಟ್ಟಿ ಬಿಚ್ಚಿಕೊಂಡು ಕೂತಾಗ ಹೇಳಿದಳು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಎರಡು ಗುಡ್ಡದ ನಡುವೆ 1972ರಲ್ಲಿ ಮುಗಿದ ಅಣೆಕಟ್ಟು. ಉದ್ದ ಬರೀ 154 ಮೀಟರ್, ಎತ್ತರ 40. ಆದರೆ ಹಿಂದೆ ನಿಂತ ನೀರು 37 ಟಿಎಂಸಿ! ಆ ನೀರಿನಿಂದ ಎಷ್ಟೋ ಹೊಲ ಹಸಿರಾದವು. ಅದರ ಅಡಿಯಲ್ಲಿ ಅವ್ವನ ತವರೂರೂ ಹೋಯಿತು. ಆಗ ಅವಳಿಗೆ ಎಂಟು ವರ್ಷ. ಬಾಗಿಲ ಚೌಕಟ್ಟು, ತೊಲೆ ಕಿತ್ತು ಚಕ್ಕಡಿಗೆ ಹೇರಿಕೊಂಡು ಹೊಸ ಊರಿಗೆ ಬಂದರಂತೆ.

"ಮುಂದ ನಿಮ್ಮಜ್ಜ ನಮ್ಮನ್ನೆಲ್ಲ 'ಬಂಗಾರದ ಮನುಷ್ಯ' ನೋಡಾಕ ಕರಕೊಂಡು ಹೋಗಿದ್ದ. ಹಾಡಿಗೆ ಎಲ್ಲಾರೂ ಸೀಟಿ ಹೊಡದ್ರು. ಕಡೀಕ ರಾಜಕುಮಾರ ಊರು ಬಿಟ್ಟು ಹೊಂಟನಲ್ಲ, ಆವಾಗ ಅಜ್ಜ ಗಳಗಳ ಅತ್ತ. ಊರು ಬಿಡೂ ದಿನಾ ಅತ್ತಿರಲಿಲ್ಲ ನೋಡು, ಟಾಕೀಜಿನ್ಯಾಗ ಅತ್ತ."

ಸಿದ್ದಲಿಂಗಯ್ಯನವರ ಆ ಚಿತ್ರ ಬಂದದ್ದೂ 1972ರಲ್ಲೇ! ಬೆಂಗಳೂರಿನ ಸ್ಟೇಟ್ಸ್ ಟಾಕೀಜಿನಲ್ಲಿ ಎರಡು ವರ್ಷ ಓಡಿದ್ದು ನನಗೆ ಬಾಯಿಪಾಠ. ಪಿಯುಸಿ ಅರ್ಧಕ್ಕೆ ಬಿಟ್ಟು ಈ ಪೆನ್ನು ಹಿಡಿದಾಗಿನಿಂದ ಆ ಚಿತ್ರದ ಮೇಲೆ ನಾಲ್ಕು ಲೇಖನ ಗೀಚಿದ್ದೇನೆ. ನಮ್ಮಜ್ಜ ಅದನ್ನು ನೋಡಿ ಅತ್ತದ್ದು ಮಾತ್ರ ಗೊತ್ತಿರಲಿಲ್ಲ.

"ಇಷ್ಟು ವರ್ಷ ಯಾಕ ಹೇಳಲಿಲ್ಲವ್ವಾ?" ಅಂದೆ.

"ನೀ ಯಾವಾಗ ಕೇಳಿದ್ಯೋ ತಮ್ಮಾ? ಹೀರೋಯಿನ್‌ಗಳ ಊರು ಕೇಳಕೋತ ಅಡ್ಡಾಡ್ತಿ" ಅಂದು ರೊಟ್ಟಿ ಮುರಿದಳು. ವೈನಿ ನಕ್ಕರು. ನನಗೆ ನಗು ಬರಲಿಲ್ಲ ಸ್ವಾಮಿ.

ಹೊರಡುವಾಗ ಅವ್ವ ಬಾಟಲಿಗೆ ಹೊಂಡದ ನೀರು ತುಂಬಿಕೊಂಡಳು. ದೇವರ ಜಗುಲಿಗೆ ಇರಬೇಕು ಅಂದುಕೊಂಡೆ. ಪೀರನವಾಡಿ ವೃತ್ತಕ್ಕೆ ವಾಪಸು ಬರುವಷ್ಟರಲ್ಲಿ ಕತ್ತಲಾಗಿತ್ತು. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು.

"ಬ್ಯಾಸಗ್ಯಾಗ ನೀರು ಇಳದರ ನಮ್ಮೂರ ಗುಡಿ ಕಟ್ಟಿ ಕಾಣ್ತದಂತ" ಅಂದಳು ಅವ್ವ. "ಒಮ್ಮೆ ಕರಕೊಂಡು ಹೋಗ್ತೀರೇನು? ಈ ನೀರು ಅಲ್ಲಿ ಹಾಕಬೇಕು."

ಅಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದ. ಬಾಟಲಿ ಈಗ ನಮ್ಮ ಅಡಿಗೆಮನೆಯ ಕಿಟಕಿಯಲ್ಲಿದೆ. ಏಪ್ರಿಲ್ ತಿಂಗಳಿಗೆ ಓಮ್ನಿ ಬೇಕೆಂದು ಗೆಳೆಯನಿಗೆ ಈಗಲೇ ಹೇಳಿಟ್ಟಿದ್ದೇವೆ.