ಬರ್ಕ್ಲಿಯ ಗಿಲ್ಮನ್ ಬೀದಿಯಲ್ಲೊಂದು ಸಂಜೆ

ಕ್ಯಾಲಿಫೋರ್ನಿಯಾಕ್ಕೆ ಹೋದವರೆಲ್ಲ ಗೋಲ್ಡನ್ ಗೇಟ್ ಸೇತುವೆಯ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಂಡು ಬರುತ್ತಾರೆ. ನಾನೂ ತೆಗೆಸಿಕೊಂಡೆ. ಆದರೆ ಆ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತದ್ದು ಆ ಸೇತುವೆಯಲ್ಲ. ಕೊಲ್ಲಿಯ ಈಚೆ ದಡದ ಬರ್ಕ್ಲಿ ಎಂಬ ಊರಿನಲ್ಲಿರುವ ಒಂದು ಹಳೆಯ ಗೋದಾಮು. ವಾಚಕರು ನಕ್ಕಾರು. ನಗಲಿ, ಅಲ್ಲಿಗೆ ಹೊರಟಾಗ ನನಗೂ ನಗು ಬಂದಿದ್ದಿತು.

ನಾನು ಬೆಂಗಳೂರಿನ ಬ್ಯಾಂಕೊಂದರಲ್ಲಿ 34 ವರ್ಷ ಸಾಲದ ಕಾಗದಪತ್ರಗಳನ್ನು ಓದಿ ನಿವೃತ್ತನಾದವನು. ಸಂಗೀತವೆಂದರೆ ರಾಮನವಮಿಯ ಕಚೇರಿ ಎಂದು ತಿಳಿದು ಬೆಳೆದವನು. ಮಗಳ ಮನೆ ಫ್ರೀಮಾಂಟಿನಲ್ಲಿದೆ. ಅವಳ ಮಗನಿಗೆ ಹದಿನೇಳು ವರ್ಷ. ಅವನೂ ಮೂವರು ಗೆಳೆಯರೂ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಪ್ರತಿ ಸಂಜೆ ಸೇರಿ ‘ಪಂಕ್’ ಎಂಬ ಸಂಗೀತವನ್ನು ಬಾರಿಸುತ್ತಾರೆ. ಮೂರೇ ಮೂರು ಸ್ವರಮೇಳ, ಎರಡೇ ನಿಮಿಷದ ಹಾಡು, ಕಿವಿಗಡಚಿಕ್ಕುವ ಸದ್ದು. 1970ರ ದಶಕದ ನಡುವೆ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ಈ ಸಂಗೀತ ತಲೆಯೆತ್ತಿದಾಗ ಅದರ ಹಟವೇ ಇದಾಗಿತ್ತು: ಹಾಡುವುದಕ್ಕೆ ವಿದ್ವತ್ತೂ ಬೇಡ, ವೈಭವವೂ ಬೇಡ, ದೊಡ್ಡ ಕಂಪೆನಿಗಳ ಕೃಪೆಯೂ ಬೇಡ.

ನಾನು ಹೋದ ವಾರದಲ್ಲಿಯೇ ಆ ಕೊಟ್ಟಿಗೆಯಲ್ಲಿ ಜಗಳವೆದ್ದಿತು. ಪಾನೀಯ ಮಾರುವ ವ್ಯಾಪಾರಿಯೊಬ್ಬ ಈ ಹುಡುಗರ ಹಾಡನ್ನು ತನ್ನ ಜಾಹೀರಾತಿಗೆ ಕೇಳಿದ್ದನು. ಇಬ್ಬರು ಕೊಡೋಣವೆಂದರು; ಒಬ್ಬ ಸಿಟ್ಟಿನಿಂದ ಗಿಟಾರನ್ನು ಎತ್ತಿಕೊಂಡು ಮನೆಗೆ ಹೋದ. ನನ್ನ ಮೊಮ್ಮಗ ಬಾಯಿ ಬಿಡಲಿಲ್ಲ. ಅಂದು ರಾತ್ರಿ ಅವನು ನನ್ನ ಕೋಣೆಗೆ ಬಂದು, “ತಾತ, ಹಾಡಿಗೆ ಹಣ ತೆಗೆದುಕೊಂಡರೆ ತಪ್ಪೇ?” ಎಂದನು. ನನಗೆ ಉತ್ತರ ಹೊಳೆಯಲಿಲ್ಲ. “ಶನಿವಾರ ನನ್ನ ಜೊತೆ ಬಾ, ಈ ಜಗಳ ಮೂವತ್ತು ವರ್ಷ ನಡೆದ ಜಾಗವನ್ನು ತೋರಿಸುತ್ತೇನೆ” ಎಂದು ಅವನೇ ಕರೆದನು.

ಉತ್ತರ ಬರ್ಕ್ಲಿ ನಿಲ್ದಾಣದಲ್ಲಿ ರೈಲಿನಿಂದ ಇಳಿದು ಪಶ್ಚಿಮಕ್ಕೆ ನಡೆದೆವು. ದಾರಿಯಲ್ಲಿ ಮೊಮ್ಮಗ ಆ ಊರಿನದೇ ಆದ ಒಂದು ರೇಡಿಯೋ ಕೇಂದ್ರದ ಕಥೆ ಹೇಳಿದನು. ಕೆ.ಪಿ.ಎಫ್.ಎ. ಎಂಬ ಆ ಕೇಂದ್ರ 1949ರ ಏಪ್ರಿಲ್‌ನಲ್ಲಿ ಪ್ರಾರಂಭವಾಯಿತು. ಅದಕ್ಕೆ ಜಾಹೀರಾತಿಲ್ಲ, ಕೇಳುಗರು ಕೊಡುವ ಕಾಣಿಕೆಯೇ ಅದರ ಅನ್ನ. ಟಿಮ್ ಯೊಹಾನನ್ ಎಂಬಾತ ಗೆಳೆಯರೊಡನೆ 1977ರಲ್ಲಿ ಅಲ್ಲಿಂದಲೇ ‘ಮ್ಯಾಕ್ಸಿಮಂ ರಾಕ್‌ನ್‌ರೋಲ್’ ಎಂಬ ಪಂಕ್ ಕಾರ್ಯಕ್ರಮವನ್ನು ಪ್ರಸಾರ ಮಾಡತೊಡಗಿದನು. 1982ರಲ್ಲಿ ಅದೇ ಹೆಸರಿನ ಪತ್ರಿಕೆಯೂ ಹೊರಟಿತು. ದೊಡ್ಡ ಕಂಪೆನಿಗಳ ಜಾಹೀರಾತನ್ನು ಆ ಪತ್ರಿಕೆ ಮುಟ್ಟುತ್ತಿರಲಿಲ್ಲ. ರೇಡಿಯೋ ಎಂದರೆ ಪಂಕಿಗೆ ಶತ್ರುವೆಂದು ನಾನು ತಿಳಿದಿದ್ದೆ. ಇಲ್ಲಿ ನೋಡಿದರೆ ಅದು ತೊಟ್ಟಿಲು!

ಗಿಲ್ಮನ್ ಬೀದಿ ಕೊಲ್ಲಿಯ ನೀರಿನತ್ತ ಇಳಿಯುತ್ತದೆ. ಅದರ ತುದಿಯಲ್ಲಿ, 2024ರಲ್ಲಿ ಮುಚ್ಚಿಹೋದ ಕುದುರೆ ಪಂದ್ಯದ ಮೈದಾನ. ಅದಕ್ಕೂ ಈಚೆಗೆ, ಕಾರ್ಯಾಗಾರಗಳ ಸಾಲಿನಲ್ಲಿ 924ನೆಯ ಸಂಖ್ಯೆಯ ಇಟ್ಟಿಗೆಯ ಕಟ್ಟಡ. ಅದೇ ಕಟ್ಟಡದಲ್ಲಿ ದೀರ್ಘಕಾಲ ಕುರ್ಚಿಗಳಿಗೆ ಬೆತ್ತ ಹೆಣೆಯುವ ಸಾಮಗ್ರಿಗಳ ಅಂಗಡಿಯಿದ್ದಿತಂತೆ. 1986ರ ಡಿಸೆಂಬರ್ 31ರ ರಾತ್ರಿ ಯೊಹಾನನ್ ಮತ್ತು ಅವನ ಜೊತೆಗಾರರು ಇಲ್ಲಿ ಮೊದಲ ಕಚೇರಿಯನ್ನು ನಡೆಸಿದರು. ಕೆಲಸ ಮಾಡುವವರೆಲ್ಲ ಸ್ವಯಂಸೇವಕರು. ಎಲ್ಲ ವಯಸ್ಸಿನವರಿಗೂ ಪ್ರವೇಶ. ಮದ್ಯವಿಲ್ಲ, ಮಾದಕವಸ್ತುವಿಲ್ಲ, ಹೊಡೆದಾಟವಿಲ್ಲ, ಬಣ್ಣದ ಹೆಸರಿನಲ್ಲಿ ಯಾರನ್ನೂ ಹೀನಾಯವಾಗಿ ಕಾಣುವಂತಿಲ್ಲ. ವಾಚಕರೇ, ನಮ್ಮ ಎಷ್ಟೋ ಕಲ್ಯಾಣಮಂಟಪಗಳಲ್ಲಿ ಇಷ್ಟು ಶಿಸ್ತನ್ನು ನಾನು ಕಂಡಿಲ್ಲ.

ಒಳಗಿನ ಗೋಡೆಗಳಲ್ಲಿ ಅಂಗೈಯಗಲ ಜಾಗವೂ ಖಾಲಿಯಿಲ್ಲ. ಬರಹ, ಚಿತ್ರ, ಹಳೆಯ ಚೀಟಿಗಳು. ನಾನು ಕಿವಿಗೆ ಹತ್ತಿಯಿಟ್ಟುಕೊಂಡು ಮೂಲೆಯಲ್ಲಿ ನಿಂತೆ. ಹುಡುಗಿಯೊಬ್ಬಳು ಬಂದು, “ನೀವು ಕೂರುತ್ತೀರಾ?” ಎಂದು ಒಂದು ಪೆಟ್ಟಿಗೆಯನ್ನು ತಂದಿಟ್ಟಳು. ಅವಳ ಕೂದಲು ಗಿಳಿಹಸಿರು. ಉಪಚಾರ ಮಾತ್ರ ನಮ್ಮ ಊರಿನದು. ನನ್ನ ಮುಂದೆ ಬಾರಿಸಿದ ಹುಡುಗರು ಬೆವರಿ ತೊಯ್ದುಹೋಗಿದ್ದರು. ಹಾಡಿನ ಮಾತು ನನಗೆ ತಿಳಿಯಲಿಲ್ಲ. ಆ ಬೆವರು ತಿಳಿಯಿತು.

ಈ ಮನೆಯ ಇನ್ನೊಂದು ನಿಯಮವೇ ಜಗಳದ ಬೇರು. ದೊಡ್ಡ ಧ್ವನಿಮುದ್ರಿಕೆ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡ ತಂಡಗಳಿಗೆ ಇಲ್ಲಿ ವೇದಿಕೆಯಿಲ್ಲ ಎಂದು ಮನೆಯವರು ಕಟ್ಟುಮಾಡಿದ್ದರು. ಈ ವೇದಿಕೆಯ ಮೇಲೆಯೇ ಬೆಳೆದ ‘ಗ್ರೀನ್ ಡೇ’ ಎಂಬ ತಂಡಕ್ಕೆ ಆ ನಿಯಮ ತಗಲಿತು. ತಂಡದ ಗಾಯಕ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಉತ್ತರದ ರೋಡಿಯೋ ಎಂಬ ತೈಲಾಗಾರದ ಊರಿನವನು. ಲಾರಿ ನಡೆಸುತ್ತಿದ್ದ ತಂದೆ, ಅವನಿಗೆ ಹತ್ತು ವರ್ಷವಾಗಿದ್ದಾಗ ತೀರಿಕೊಂಡ. ತಾಯಿ ಹೋಟೆಲಿನಲ್ಲಿ ಬಡಿಸುತ್ತಿದ್ದಳು. 1993ರಲ್ಲಿ ತಂಡ ‘ರಿಪ್ರೈಸ್’ ಎಂಬ ದೊಡ್ಡ ಕಂಪೆನಿಗೆ ರುಜು ಹಾಕಿತು. ಗಿಲ್ಮನ್ ಬೀದಿಯ ಬಾಗಿಲು ಮುಚ್ಚಿತು. 1994ರ ಫೆಬ್ರುವರಿಯಲ್ಲಿ ‘ಡೂಕಿ’ ಹೊರಬಂದಿತು. ಅದನ್ನು ಮುದ್ರಿಸಿದ್ದು ಇದೇ ಬರ್ಕ್ಲಿಯ ಫ್ಯಾಂಟಸಿ ಸ್ಟುಡಿಯೋದಲ್ಲಿ. ವಾಣಿಜ್ಯ ರೇಡಿಯೋ ಕೇಂದ್ರಗಳು ಅದರ ಹಾಡುಗಳನ್ನು ಹಗಲೂ ರಾತ್ರಿ ಹಾಕಿದವು. 1999ರ ಹೊತ್ತಿಗೆ ಅಮೆರಿಕವೊಂದರಲ್ಲಿಯೇ 1 ಕೋಟಿ ಪ್ರತಿಗಳ ಲೆಕ್ಕ ದಾಟಿತು. ಉಂಡ ಮನೆಯ ಜಂತೆ ಎಣಿಸಿದವರೆಂದು ಹಳೆಯ ಗೆಳೆಯರು ಅವರನ್ನು ಹಳಿದರು.

ಇದರ ಕಹಿ ಎಲ್ಲಿಗೆ ಮುಟ್ಟಿತೆಂಬುದನ್ನೂ ಹೇಳಬೇಕು. 1994ರ ಮೇ ತಿಂಗಳ ಒಂದು ರಾತ್ರಿ, ಇದೇ ಗೋಡೆಗಳ ನಡುವೆ, ‘ಡೆಡ್ ಕೆನಡೀಸ್’ ತಂಡದ ಗಾಯಕನಾಗಿದ್ದ ಜೆಲ್ಲೋ ಬಿಯಾಫ್ರನನ್ನು, ‘ಮಾರಿಹೋದವನು’ ಎಂದು ಕೂಗುತ್ತ ಕೆಲವರು ಕೆಡವಿ ಹೊಡೆದರು. ಅವನ ಕಾಲು ಮುರಿಯಿತು. ಬಿಯಾಫ್ರ ದೊಡ್ಡ ಕಂಪೆನಿಗೆ ರುಜು ಹಾಕಿದವನಲ್ಲ. ತನ್ನದೇ ಸಣ್ಣ ಸಂಸ್ಥೆಯಿಂದ ಮುದ್ರಿಕೆಗಳನ್ನು ಹೊರತರುತ್ತಿದ್ದವನು. ಹೊಡೆದಾಟವಿಲ್ಲವೆಂದು ಬರೆದ ಮನೆಯಲ್ಲಿ, ಮಾರದವನಿಗೇ ಮಾರಿದವನೆಂಬ ಹೆಸರು! ಮೊಮ್ಮಗ ಇದನ್ನು ಹೇಳುವಾಗ ತಲೆ ತಗ್ಗಿಸಿದ್ದನು. ಸಿಟ್ಟಿನಿಂದ ಎದ್ದುಹೋದ ಗೆಳೆಯನ ನೆನಪಾಗಿದ್ದಿರಬಹುದು.

ಹಾಗಾದರೆ ದೊಡ್ಡ ಕಂಪೆನಿಯಲ್ಲಿ ನಿಜವಾಗಿ ಹಣವುಂಟೇ? ಬ್ಯಾಂಕಿನವನ ಬುದ್ಧಿ ಲೆಕ್ಕ ಕೇಳಿತು. ಮೊಮ್ಮಗ ಒಂದು ಲೇಖನವನ್ನು ಓದಲು ಕೊಟ್ಟನು. ಧ್ವನಿಮುದ್ರಣ ತಜ್ಞ ಸ್ಟೀವ್ ಆಲ್ಬಿನಿ 1993ರಲ್ಲಿ ಬರೆದದ್ದು. ಮರುವರ್ಷ ಯೊಹಾನನ್ನನ ಪತ್ರಿಕೆಯೂ ಅದನ್ನು ಮುದ್ರಿಸಿತು. ಅದರಲ್ಲಿ ನಾಲ್ವರ ಒಂದು ಕಲ್ಪಿತ ತಂಡ. ಕಂಪೆನಿ ಕೊಟ್ಟ ಮುಂಗಡ 2,50,000 ಡಾಲರು. ಮುದ್ರಿಕೆ 2,50,000 ಪ್ರತಿ ಮಾರಾಟವಾಗಿ ಅಂಗಡಿಗಳಲ್ಲಿ 30 ಲಕ್ಷ ಡಾಲರು ಬರುತ್ತದೆ. ಆದರೆ ಸ್ಟುಡಿಯೋ, ವ್ಯವಸ್ಥಾಪಕ, ವಕೀಲ, ಚಲಚ್ಚಿತ್ರ, ಪ್ರವಾಸ ಎಲ್ಲವೂ ಕಲಾವಿದರ ಪಾಲಿನಿಂದಲೇ ಕಳೆದು, ಕೊನೆಗೆ ಒಬ್ಬೊಬ್ಬನ ಕೈಯಲ್ಲಿ ಉಳಿಯುವುದು 4,031 ಡಾಲರು ಚಿಲ್ಲರೆ! ಅಷ್ಟೇ ಅಲ್ಲ, ಕಂಪೆನಿಗೆ ಇನ್ನೂ ಸುಮಾರು 14,000 ಡಾಲರು ಬಾಕಿ. ಮುಂಗಡವೆಂಬುದು ಉಡುಗೊರೆಯಲ್ಲ, ಸಾಲ. ಅದು ನನ್ನ ವೃತ್ತಿಯ ಮಾತಾದ್ದರಿಂದ ಕೂಡಲೇ ಅರ್ಥವಾಯಿತು.

ಸಣ್ಣ ಸಂಸ್ಥೆಗಳೆಲ್ಲ ಸತ್ಯಹರಿಶ್ಚಂದ್ರರು ಎಂದು ಇದರಿಂದ ತಿಳಿಯಬಾರದು. ಗ್ರೀನ್ ಡೇ ತಂಡದ ಮೊದಲ ಮುದ್ರಿಕೆಗಳನ್ನು ತಂದದ್ದು ‘ಲುಕ್‌ಔಟ್’ ಎಂಬ ಊರಿನ ಸಂಸ್ಥೆ, 1987ರಲ್ಲಿ ಹುಟ್ಟಿದ್ದು. ‘ಡೂಕಿ’ಯ ಕೀರ್ತಿಯಿಂದ ಆ ಹಳೆಯ ಮುದ್ರಿಕೆಗಳೂ ಮಾರಾಟವಾಗಿ ಅಲ್ಲಿಗೂ ಹಣದ ಹೊಳೆ ಹರಿಯಿತು. ಆದರೆ ಮುಂದೆ ಕಲಾವಿದರ ಗೌರವಧನವೇ ಬಾಕಿ ಬಿದ್ದಿತು. 2005ರಲ್ಲಿ ಗ್ರೀನ್ ಡೇ ತನ್ನ ಮುದ್ರಿಕೆಗಳನ್ನು ಹಿಂದಕ್ಕೆ ಪಡೆಯಿತು; 2012ರಲ್ಲಿ ಸಂಸ್ಥೆ ಮುಚ್ಚಿತು. ಇನ್ನೊಂದು ಕಡೆ, ವಾಷಿಂಗ್ಟನ್ನಿನ ‘ಫುಗಾಜಿ’ ತಂಡ ಯಾವ ದೊಡ್ಡ ಕಂಪೆನಿಗೂ ಸೇರದೆ, 5 ಡಾಲರಿನ ಟಿಕೆಟ್ಟಿಗೆ ಊರೂರು ಸುತ್ತಿ ಮರ್ಯಾದೆಯಿಂದ ಬಾಳಿತು. ಆದ್ದರಿಂದ ಗಾತ್ರದಿಂದ ಗುಣವನ್ನು ಅಳೆಯುವಂತಿಲ್ಲ.

2015ರ ಮಾರ್ಚಿಯಲ್ಲಿ ನೆರೆಯ ಓಕ್‌ಲ್ಯಾಂಡಿನ ಒಂದು ಸಣ್ಣ ಪುಸ್ತಕ ಪ್ರಕಾಶನಕ್ಕೂ ಒಂದು ಮುದ್ರಣಾಲಯಕ್ಕೂ ಬೆಂಕಿಯಿಂದ ನಷ್ಟವಾಯಿತು. ಅವರ ಸಹಾಯಾರ್ಥವಾಗಿ ಮೇ 17ರಂದು ಗಿಲ್ಮನ್ ಬೀದಿಯ ಮನೆಯಲ್ಲಿ ಒಂದು ಕಚೇರಿ ನಡೆಯಿತು. ಬಾರಿಸಿದವರು ಯಾರೆಂದುಕೊಂಡಿರಿ? ಗ್ರೀನ್ ಡೇ! 22 ವರ್ಷಗಳ ಮೇಲೆ ಮನೆಯ ಹುಡುಗರು ಮನೆಗೆ ಬಂದರು. ಲಾಭಕ್ಕಾಗಿ ಅಲ್ಲ, ಸುಟ್ಟುಹೋದವರಿಗಾಗಿ. ಮನೆಯೂ ಬಾಗಿಲು ತೆರೆಯಿತು. ನಿಯಮವಿಟ್ಟದ್ದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಹೆಸರಾದವರಿಗೇ ವೇದಿಕೆ ಕೊಡುತ್ತಿದ್ದರೆ, ಹೆಸರಿಲ್ಲದ ಹದಿನೇಳರ ಹುಡುಗನಿಗೆ ಸರದಿ ಬರುವುದೆಂದು? ಹಾಗೆಯೇ ಹೊರಗೆ ಹೋದವರದೂ ತಪ್ಪಲ್ಲ. ಬಡಿಸುವ ತಾಯಿಯ ಮಗ ತನ್ನ ಹಾಡಿನಿಂದ ಉಣ್ಣಬಾರದೆಂದು ಹೇಳಲು ನಾವು ಯಾರು?

ಹಿಂದಿರುಗುವ ರೈಲಿನಲ್ಲಿ ಮೊಮ್ಮಗ, “ಈಗ ಹೇಳು ತಾತ” ಎಂದನು.

“ಮಾರುವುದು ಬೇರೆ, ಮಾರಿಹೋಗುವುದು ಬೇರೆಯಪ್ಪ. ಆ ವ್ಯತ್ಯಾಸ ಕಾಗದದಲ್ಲಿರುತ್ತದೆ. ನಾಳೆ ನಿಮ್ಮ ಕಾಗದವನ್ನು ತೋರಿಸು” ಎಂದೆ.

ಮರುದಿನ ಕನ್ನಡಕ ಹಾಕಿಕೊಂಡು ಓದಿದೆ. ಮೂರನೆಯ ಪುಟದಲ್ಲಿ, ಹಾಡು ಎಂದೆಂದಿಗೂ, ಎಲ್ಲ ಬಗೆಯ ಬಳಕೆಗೂ, ವ್ಯಾಪಾರಿಗೆ ಸೇರತಕ್ಕದ್ದೆಂದು ಸಣ್ಣಕ್ಷರದಲ್ಲಿ ಬರೆದಿದ್ದಿತು. ಅದರ ಕೆಳಗೆ ಪೆನ್ಸಿಲಿನಿಂದ ಗೆರೆಯೆಳೆದೆ. “ನಮ್ಮ ಬೆಂಗಳೂರಿನಲ್ಲಿ ಮನೆಯನ್ನು ಬಾಡಿಗೆಗೆ ಕೊಡುತ್ತಾರೆ, ಭೋಗ್ಯಕ್ಕೆ ಕೊಡುತ್ತಾರೆ, ಕ್ರಯಕ್ಕೆ ಕೊಡುವ ಮೊದಲು ಮಾತ್ರ ಮನೆಮಂದಿಯನ್ನೆಲ್ಲ ಕೂರಿಸಿ ಕೇಳುತ್ತಾರೆ. ಎದ್ದುಹೋದ ಹುಡುಗನನ್ನು ಮೊದಲು ಕರೆ. ಅವನೂ ಒಪ್ಪಿದರೆ ಒಂದು ವರ್ಷಕ್ಕೆ ಬಾಡಿಗೆಗೆ ಕೊಡಿ. ಒಪ್ಪದಿದ್ದರೆ ಬೇಡ; ಹಾಡು ಇನ್ನೊಂದನ್ನು ಕಟ್ಟಬಹುದು, ಗೆಳೆಯನನ್ನು ಕಟ್ಟುವುದು ಕಷ್ಟ” ಎಂದೆ.

ನಾನು ಭಾರತಕ್ಕೆ ಹೊರಡುವ ದಿನದವರೆಗೂ ಆ ವ್ಯಾಪಾರಿಯಿಂದ ಉತ್ತರ ಬಂದಿರಲಿಲ್ಲ. ಆದರೆ ಪೆಟ್ಟಿಗೆ ಕಟ್ಟುತ್ತಿದ್ದಾಗ ಕೊಟ್ಟಿಗೆಯಿಂದ ಸದ್ದು ಎದ್ದಿತು. ಕಿವಿಗೊಟ್ಟು ಎಣಿಸಿದೆ; ನಾಲ್ಕು ವಾದ್ಯಗಳೂ ಇದ್ದವು. ಹತ್ತಿಗಾಗಿ ನಾನು ಹುಡುಕಲಿಲ್ಲ.