ನಾನು ಮಾಡಿದ ಕಾಗದದ ಯುದ್ಧನೌಕೆ



ವಿಜ್ಞಾನದ ಕಪಾಟಿನ ಮೇಲೆ ಬೂದು ಬಣ್ಣದ ಒಂದು ಹಡಗು ಇಟ್ಟಿದೆಯಲ್ಲ, ಅದನ್ನು ಯಾವ ಅಂಗಡಿಯಿಂದ ತಂದಿ ಅಂತ ಬಹಳ ಮಂದಿ ಕೇಳಿದರು. ಅದು ಅಂಗಡಿಯದಲ್ಲ. ನಮ್ಮ ಓಣಿಯ ಹಳೆಯ ಲಗ್ನಪತ್ರಿಕೆಗಳು, ಬರೆದು ಮುಗಿದ ನೋಟಬುಕ್ಕಿನ ರಟ್ಟು, ಜಾಲಿಗಿಡದ ಅಂಟು, ಇಷ್ಟರಿಂದ ಮಾಡಿದ್ದು. ಎರಡು ತಿಂಗಳು ಹಿಡಿಯಿತು.

ಅದರ ಹೆಸರು ಐ.ಎನ್.ಎಸ್. ಚಪಲ್. ಹೆಸರು ಕೇಳಿ ನಮ್ಮ ತರಗತಿಯ ಹುಡುಗರು ‘ಬಾಯಿ ಚಪಲ ಏನಲೇ’ ಅಂತ ನಕ್ಕರು. ಸಂಸ್ಕೃತದಲ್ಲಿ ಚಪಲ ಎಂದರೆ ಚುರುಕಾದದ್ದು, ಒಂದು ಕಡೆ ನಿಲ್ಲದ್ದು ಎಂದು ಗುರುಗಳು ಹೇಳಿದರು. ಆದರೆ ನಿಜವಾದ ಚಪಲ್ ಈಗ ಒಂದೇ ಕಡೆ ನಿಂತಿದೆ. ಹೋದ ವರ್ಷ ಪ್ರವಾಸಕ್ಕೆ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಹೋಗಿದ್ದೆವಲ್ಲ, ಅಲ್ಲಿ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಅದನ್ನು ನೆಲದ ಮೇಲೆ ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. 1976ರಲ್ಲಿ ನಮ್ಮ ನೌಕಾಪಡೆಗೆ ಸೇರಿತು, 2005ರಲ್ಲಿ ನಿವೃತ್ತಿ ಆಯಿತು. ಕಟ್ಟಿದ್ದು ರಷ್ಯಾದವರು. ಆಗ ಅದಕ್ಕೆ ಸೋವಿಯತ್ ಒಕ್ಕೂಟ ಅಂತಿದ್ದರು. ಉಳಿದವರೆಲ್ಲ ಸಮುದ್ರದಲ್ಲಿ ಕಾಲು ತೋಯಿಸಿಕೊಳ್ಳಲು ಓಡಿದಾಗ ನಾನು ಹಡಗಿನ ಮಗ್ಗುಲಿಗೆ ಹೆಜ್ಜೆ ಹಾಕಿ ಅಳೆದೆ. 74 ಹೆಜ್ಜೆ ಆಯಿತು.

ಆಗ ಮಾದರಿ ಮಾಡಬೇಕೆಂಬ ವಿಚಾರ ಇರಲಿಲ್ಲ. ಅದು ಬಂದದ್ದು ನಮ್ಮಣ್ಣ ನೌಕಾಪಡೆಗೆ ಅಗ್ನಿವೀರ ಆಗಿ ಹೋದ ಮೇಲೆ. ಅವನ ತರಬೇತಿ ಒಡಿಶಾದ ಐ.ಎನ್.ಎಸ್. ಚಿಲ್ಕಾದಲ್ಲಿ. ಹೆಸರು ಹಡಗಿನ ಹಾಂಗ ಇದ್ದರೂ ಅದು ನೆಲದ ಮೇಲಿನ ತರಬೇತಿ ಕೇಂದ್ರ. ಇದನ್ನು ಹೇಳಿದರೂ ನಮ್ಮವ್ವ ನಂಬಲಿಲ್ಲ. ನಮ್ಮವ್ವನ ತವರುಮನೆ ಹೊಳೆಆಲೂರ ಕಡೆ. 2019ರ ಆಗಸ್ಟದಾಗ ಮಲಪ್ರಭಾ ಹೊಳಿ ಊರೊಳಗ ಬಂದಾಗ ಅವ್ವನ ತವರಿನ ಒಂದು ಗ್ವಾಡಿ ಬಿತ್ತು. ಅಲ್ಲಿಂದ ಅವ್ವಗ ನೀರು ಅಂದರೆ ಅದೇ ನೀರು. ಸಮುದ್ರ ಅವಳು ನೋಡಿಲ್ಲ.

ದಿನಾ ರೊಟ್ಟಿ ಬಡಿಯುವಾಗ ಒಂದೇ ಪ್ರಶ್ನೆ. “ಹಡಗ ಅಂದ್ರ ಎಷ್ಟ ದೊಡ್ಡದ ಇರತೈತೋ? ನಮ್ಮ ಚಕ್ಕಡಿಯಷ್ಟೋ, ಬಸ್ಸಿನಷ್ಟೋ? ಮಕ್ಕೊಳ್ಳಾಕ ಜಾಗಾ ಐತೇನು?” ಅಣ್ಣನ ಫೋನ್ ಬಂದಾಗ ಅವನನ್ನೂ ಇದನ್ನೇ ಕೇಳುವಳು. ಅವನು “ಎಲ್ಲಾ ಆರಾಮ ಐತಿ ಬೇ” ಅಂದುಬಿಡುವನು. ಆರಾಮ ಎಂಬುದಕ್ಕೆ ಉದ್ದ ಅಗಲ ಇಲ್ಲ. ಅವ್ವ ಊಟ ಬಿಟ್ಟು ಸೊರಗತೊಡಗಿದಳು. ಮೊಬೈಲಿನಲ್ಲಿ ಚಿತ್ರ ತೋರಿಸಿದರೆ “ಇದು ಅಂಗೈಯಷ್ಟ ಐತಲ್ಲೋ” ಅಂದಳು. ಆಗ ನಾನು ಅಳತೆಗೆ ಸರಿಯಾಗಿ ಒಂದು ಹಡಗು ಮಾಡಲೇಬೇಕೆಂದು ಕುಳಿತೆ. ಒಳಗೆ ಹೊಕ್ಕು ನೋಡಿದ ಹಡಗು ನನಗೆ ಚಪಲ್ ಒಂದೇ.

ಗಣಿತದ ಗುರುಗಳು ಸರಿಯಾದ ಅಳತೆ ಹುಡುಕಿ ಕೊಟ್ಟರು. ಉದ್ದ 38.6 ಮೀಟರ್, ಅಗಲ 7.6 ಮೀಟರ್. ಹಡಗಿನ ಒಂದು ಮೀಟರಿಗೆ ಮಾದರಿಯ ಒಂದು ಸೆಂಟಿಮೀಟರ್ ಎಂದು ಹಿಡಿದೆವು. ಅಂದರೆ 1:100. ಭಾಗಾಕಾರದ ತಾಪತ್ರಯವೇ ಇಲ್ಲ, ಪಟ್ಟಿ ಇಟ್ಟು ಗೆರೆ ಹೊಡೆಯುವುದೇ.

ಮೊದಲು ರಟ್ಟಿನ ಉದ್ದ ಬೆನ್ನೆಲುಬು, ಅದಕ್ಕೆ ಅಡ್ಡ ಎಲುಬು ಹನ್ನೊಂದು. ಬೆನ್ನೆಲುಬಿಗೂ ಅಡ್ಡ ಎಲುಬಿಗೂ ಅರ್ಧ ಅರ್ಧ ಸೀಳು ಕೊಟ್ಟು ಒಂದರಲ್ಲೊಂದು ಸಿಕ್ಕಿಸಬೇಕು. ನಡುವಿನ ಎಲುಬು ಅಗಲ, ಮೂತಿಯ ಕಡೆಯದು ಸಣ್ಣ. ಅಂಟು ಆರಲೆಂದು ಕಟ್ಟೆಯ ಮೇಲೆ ಇಟ್ಟಾಗ ಪಕ್ಕದ ಮನೆಯ ಆಡಿನ ಮರಿ ಬಂದು ನಾಲ್ಕನೇ ಎಲುಬು ತಿಂದುಹೋಯಿತು. ಅದನ್ನು ಮತ್ತೆ ಕತ್ತರಿಸಿದೆ. ಎಲುಬಿನ ಮೇಲೆ ಲಗ್ನಪತ್ರಿಕೆಯ ಚರ್ಮ. ಮೂತಿಯ ಹತ್ತಿರ ಕಾಗದ ಎರಡು ಕಡೆ ಬಾಗಬೇಕು, ಆದರೆ ಕಾಗದ ಒಂದೇ ಕಡೆ ಬಾಗುತ್ತದೆ. ಅದಕ್ಕೆ ಸಣ್ಣ ಸಣ್ಣ ಪಟ್ಟಿ ಮಾಡಿ ಒಂದರ ಪಕ್ಕ ಒಂದು ಅಂಟಿಸಿದೆ. ಬೂದು ಬಣ್ಣ ಹಚ್ಚಿದ್ದರೂ ಬಗ್ಗಿ ನೋಡಿದರೆ ಎಡಗಡೆ ‘ಶುಭವಿವಾಹ’ ಎಂದು ಇನ್ನೂ ಓದಬಹುದು.

ಮೇಲೆ ನಾಲ್ಕು ದೊಡ್ಡ ಕೊಳವೆ ಇವೆಯಲ್ಲ, ಅವು ಕ್ಷಿಪಣಿ ಇಡುವವು, ಬಲಕ್ಕೆ ಎರಡು, ಎಡಕ್ಕೆ ಎರಡು. ಒಂದೊಂದು ಕ್ಷಿಪಣಿ ಸುಮಾರು 5.8 ಮೀಟರ್ ಉದ್ದ. ಈ ಗೋಡೆ ಪತ್ರಿಕೆಯ ತಲೆಬರಹ ಬರೆಯುವ ದಪ್ಪ ಮಾರ್ಕರ್ ಪೆನ್ನಿಗೆ ಕಾಗದ ಸುತ್ತಿ ಕೊಳವೆ ಮಾಡಿದೆ. ನಿಜವಾದದ್ದರ ಮೇಲೆ ಬಳೆಯಂಥ ಪಟ್ಟಿಗಳಿವೆ, ಅದಕ್ಕೆ ದಾರ ಸುತ್ತಿದೆ. ಮುಂದೊಂದು ಹಿಂದೊಂದು ಜೋಡಿ ಕೊಳವೆಯ ತೋಪು. ಅದರ ಗುಂಡಿನ ಅಡ್ಡಳತೆ 30 ಮಿಲಿಮೀಟರ್, ನಮ್ಮ ಲೆಕ್ಕಕ್ಕೆ 0.3 ಮಿಲಿಮೀಟರ್! ಕಸಬರಿಗೆ ಕಡ್ಡಿಯೂ ದಪ್ಪ ಆಯಿತು. ಗಜೇಂದ್ರಗಡದಲ್ಲಿ ಸೀರೆ ನೇಯುವ ನಮ್ಮ ಮಾವ ಕೊಟ್ಟ ನೂಲನ್ನು ಅಂಟಿನಲ್ಲಿ ಅದ್ದಿ ಒಣಗಿಸಿದಾಗ ತಂತಿಯಂತೆ ನೆಟ್ಟಗೆ ನಿಂತಿತು.

ಪೋಲಂಡ್ ದೇಶದಲ್ಲಿ 1957ರಿಂದ ಹುಡುಗರಿಗಾಗಿ ಒಂದು ಪತ್ರಿಕೆ ಬಂದಿತಂತೆ. ಅದರ ಹೆಸರಿನ ಅರ್ಥ ‘ಪುಟ್ಟ ಮಾದರಿಗಾರ’. ಅದರ ಹಾಳೆ ಕತ್ತರಿಸಿ ಅಂಟಿಸಿದರೆ ಹಡಗು, ವಿಮಾನ ಆಗುತ್ತಿದ್ದವು. (ನಮ್ಮ ಗೋಡೆ ಪತ್ರಿಕೆಯನ್ನು ಯಾರೂ ಕತ್ತರಿಸಬಾರದು.)

ಒಂದು ಮಾತು ಇಲ್ಲಿ ಹೇಳಬೇಕು. ಚಪಲ್ 1971ರ ಯುದ್ಧ ಮಾಡಿತ್ತು ಎಂದು ಬಹಳ ಮಂದಿ ಹೇಳುತ್ತಾರೆ. 1976ರಲ್ಲಿ ಸೇರಿದ ಹಡಗು 1971ರಲ್ಲಿ ಹ್ಯಾಂಗ ಯುದ್ಧ ಮಾಡೀತು? 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದವು ನಿಪಾತ್, ನಿರ್ಘಾತ್, ವೀರ್ ಎಂಬ ಕ್ಷಿಪಣಿ ದೋಣಿಗಳು. ಅವು ಚಪಲ್‌ಗೆ ಅಕ್ಕಂದಿರು ಇದ್ದ ಹಾಗೆ, ಅವುಗಳ ಕ್ಷಿಪಣಿ ಗೂಡು ದುಂಡಗಿರಲಿಲ್ಲ, ಪೆಟ್ಟಿಗೆಯಂತೆ ಇತ್ತು. ಆ ನೆನಪಿಗೇ ಡಿಸೆಂಬರ್ 4 ನೌಕಾಪಡೆ ದಿನ. ಸುಳ್ಳು ಸೇರಿಸದಿದ್ದರೂ ನಮ್ಮ ಚಪಲ್‌ಗೆ ಏನೂ ಕಡಿಮೆ ಇಲ್ಲ. ಗಂಟೆಗೆ ಸುಮಾರು 70 ಕಿಲೋಮೀಟರ್ ಓಡುತ್ತಿತ್ತು, ಗದಗಿನ ಬಸ್ಸಿಗಿಂತ ಜೋರು.

ಹಡಗು ಮುಗಿದ ದಿನ ಅವ್ವನ ಮುಂದೆ ಇಟ್ಟೆ. ಅವಳು ಸುತ್ತ ನೋಡಿ, “ಛಲೋ ಆಗೇತಿ, ಖರೆ ಎಷ್ಟ ದೊಡ್ಡದು ಅಂತ ಹ್ಯಾಂಗ ತಿಳಿಬೇಕೋ ತಮ್ಮಾ?” ಎಂದು ಕೇಳಿದಳು. ಅದಕ್ಕೂ ಉತ್ತರ ಸಿದ್ಧ ಇತ್ತು. ಅಣ್ಣನ ಎತ್ತರ 168 ಸೆಂಟಿಮೀಟರ್. ಅದೇ ಅಳತೆಯಲ್ಲಿ ಒಂದು ಕಾಗದದ ಮನುಷ್ಯನನ್ನು ಕತ್ತರಿಸಿದ್ದೆ, 1.68 ಸೆಂಟಿಮೀಟರ್. ಒಂದು ಜೋಳದ ಕಾಳಿನಷ್ಟು ಅವನ ತಲೆ ಸಹ ಇಲ್ಲ. ಅವನನ್ನು ಮುಂದಿನ ತೋಪಿನ ಹತ್ತಿರ ನಿಲ್ಲಿಸಿದೆ. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳಿನಿಂದ ಅವನ ಹಿಂದೆ, ಮುಂದೆ ಎಷ್ಟು ಜಾಗ ಇದೆ ಎಂದು ಅಳೆದಳು. “ನಮ್ಮ ಮನಿಯಂಥಾ ಮೂರು ಮನಿ ಉದ್ದ ಆಕ್ಕೈತಲ್ಲೋ” ಅಂದಳು. ನಮ್ಮ ಮನೆ ಬಾಗಿಲಿಂದ ಹಿತ್ತಲದವರೆಗೆ 12 ಮೀಟರ್, ಅವಳ ಲೆಕ್ಕ ಸರಿ.

ಇದು ಸಣ್ಣ ಜಾತಿಯ ಹಡಗು ಬೇ, ಇದರಾಗ ಸುಮಾರು 30 ಮಂದಿ ಅಷ್ಟ ಇರತಿದ್ದರು, 2022ರಲ್ಲಿ ಸೇರಿದ ಹೊಸ ವಿಕ್ರಾಂತ್ 262 ಮೀಟರ್ ಐತಿ, ಇದೇ ಲೆಕ್ಕದಾಗ ಮಾಡಿದರ ಅದು 2.62 ಮೀಟರ್ ಆಗಿ ನಮ್ಮ ಅಡಿಗಿಮನ್ಯಾಗ ಹಿಡಿಯೂದಿಲ್ಲ ಎಂದು ಹೇಳಿದೆ. “ಹಂಗಾರ ಅವನ ಅದರಾಗ ಹಾಕ್ಯಾರ ಅಂದ್ರ ಛಲೋ” ಎಂದು ಎದ್ದು ಹೋಗಿ ತಾಟಿನಲ್ಲಿ ಎರಡು ರೊಟ್ಟಿ ಹಾಕಿಕೊಂಡು ಬಂದು ಹಡಗಿನ ಮುಂದೆಯೇ ಕುಳಿತು ಉಂಡಳು.

ಅವತ್ತಿನಿಂದ ಹಡಗು ಜಗಲಿಯ ಮೇಲೆ ಇತ್ತು. ಸಂಜೆ ಮಳೆ ಮೋಡ ಕವಿದರೆ ಅವ್ವ ಆ ಮನುಷ್ಯನನ್ನು ತೆಗೆದು ಹಡಗಿನ ಕೋಣೆಯೊಳಗೆ ಇಡುತ್ತಿದ್ದಳು. ಅದು ಕಾಗದದ್ದು ಬೇ ಅಂದರೆ, “ನನಗೂ ಗೊತ್ತೈತಿ, ಸುಮ್ಮನಿರು” ಅನ್ನುವಳು.

ಹಡಗು ಬರುವ ಶನಿವಾರದವರೆಗೆ ಶಾಲೆಯಲ್ಲಿ ಇರುತ್ತದೆ. ದೂರದಿಂದ ನೋಡಿರಿ, ತೋಪಿನ ನೂಲು ಬಹಳ ನಾಜೂಕು. ಅದರ ಮೇಲೆ ಮನುಷ್ಯ ಯಾಕ ಇಲ್ಲ ಅಂತ ಕೇಳಬ್ಯಾಡ್ರಿ. ಹಡಗು ಒಯ್ಯಿ, ಅವನನ್ನ ಇಲ್ಲೇ ಬಿಡು ಅಂತ ಅವ್ವ ಕೊಡಲಿಲ್ಲ.

— 7ನೇ ತರಗತಿ ವಿದ್ಯಾರ್ಥಿ, ರಾಜೂರ