ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಮ್ಮ ಹಿರಿಯರು ದನಕರುಗಳನ್ನು ನೋಡಿ ಕಟ್ಟಿರಬೇಕು. ಆದರೆ ಅದು ಯಂತ್ರಗಳಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಅದರಲ್ಲೂ ಮೂರು ನಾಲ್ಕು ಯಂತ್ರಗಳು ಒಂದೇ ನೊಗಕ್ಕೆ ಹೆಗಲು ಕೊಟ್ಟಿದ್ದರಂತೂ ಜ್ವರ ಯಾವುದಕ್ಕೆ ಎಂದು ಹೇಳುವುದು ಸುಲಭವಲ್ಲ. ಬರೆ ಎಳೆಯುವುದು ಮಾತ್ರ ಬಹಳ ಸುಲಭ.

ದೊಡ್ಡಬಳ್ಳಾಪುರದಲ್ಲಿ ನಾವು ಚಿಕ್ಕವರಿದ್ದಾಗ ಏ.ಸಿ. ಎಂದರೆ ಬೆಂಗಳೂರಿನ ಸಿನಿಮಾ ಮಂದಿರ. ನಮ್ಮ ಮದುವೆಗಳೆಲ್ಲ ಚಪ್ಪರದಡಿ ಬೀಸಣಿಗೆಯಲ್ಲೇ ನಡೆದವು. 2008ರಲ್ಲಿ ಪಕ್ಕದ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಮುತ್ತ ಹೋಟೆಲು, ಕಚೇರಿ, ಮಂಟಪಗಳು ಎದ್ದವು. ಅವುಗಳ ತಾರಸಿಗಳ ಮೇಲೆ ಬೀರುವಿನಂಥ ಬೂದು ಪೆಟ್ಟಿಗೆಗಳು ಸಾಲಾಗಿ ಬಂದು ನಿಂತವು. ಹಲವು ಹೊರಪೆಟ್ಟಿಗೆಗಳನ್ನು ಒಂದೇ ಕೊಳವೆಗೆ ಜೋಡಿಸಿ, ಒಳಗೆ ಎಷ್ಟು ತಂಪು ಬೇಕೋ ಅಷ್ಟೇ ಶೀತಕವನ್ನು ಹರಿಸುವ ಈ ಬಗೆಯ ವ್ಯವಸ್ಥೆಯನ್ನು 1982ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಡೈಕಿನ್ ಕಂಪನಿ. ಈಗ ಬೇರೆ ಕಂಪನಿಗಳೂ ಇದನ್ನು ತಯಾರಿಸುತ್ತವೆ.

ನಾನು ಲೆಕ್ಕ ಬರೆಯುವ ಒಂದು ಸಮುದಾಯ ಭವನಕ್ಕೂ 2019ರಲ್ಲಿ ಅಂಥದೊಂದು ಬಂತು. ಹೊರಪೆಟ್ಟಿಗೆಗಳು ಮೂರು, ತಲಾ 14 ಟನ್. ಟನ್ ಎಂದರೆ ಇಲ್ಲಿ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಇಡೀ ದಿನ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು, ಅಂದರೆ ಸುಮಾರು 3.5 ಕಿಲೋವಾಟ್. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಡುತ್ತದೆ. ಧಾರೆಯ ಹೊತ್ತಿಗೆ ಆರುನೂರು ಜನ ಸೇರಿದರೆ ಅವರ ಮೈಶಾಖಕ್ಕೇ 17 ಟನ್ ಬೇಕು. ಬಿಸಿಲು, ದೀಪ, ಹೋಮಗಳ ಲೆಕ್ಕ ಬೇರೆ.

ಈ ಭವನವನ್ನು ಕಟ್ಟಿದ್ದು ಮಗ್ಗದವರು, ಮೇಷ್ಟ್ರುಗಳು, ಅಂಗಡಿಯವರು ಕೊಟ್ಟ ದೇಣಿಗೆಯಿಂದ. ಬಾಡಿಗೆಯಲ್ಲಿ ಉಳಿದ ಹಣ ಮಕ್ಕಳ ವಿದ್ಯಾರ್ಥಿ ವೇತನಕ್ಕೆ ಹೋಗುತ್ತದೆ. ಆದ್ದರಿಂದ ಯಂತ್ರ ಕೆಟ್ಟರೆ ಕೆಡುವುದು ಯಂತ್ರವೊಂದೇ ಅಲ್ಲ.

2023ರ ಬೇಸಿಗೆಯಲ್ಲಿ ತೊಂದರೆ ಶುರುವಾಯಿತು. ಬೆಳಿಗ್ಗೆ ಎಲ್ಲ ಸರಿಯಾಗಿರುತ್ತಿತ್ತು. ಮಧ್ಯಾಹ್ನ ಊಟದ ಎರಡನೆಯ ಪಂಕ್ತಿ ಏಳುವ ಹೊತ್ತಿಗೆ ನಡುವಿನ ಪೆಟ್ಟಿಗೆ ನಿಂತುಬಿಡುತ್ತಿತ್ತು. ಅದರ ಹೊರೆ ಉಳಿದೆರಡರ ಮೇಲೆ ಬಿದ್ದು ಸ್ವಲ್ಪ ಹೊತ್ತಿಗೆ ಅವೂ ನಿಲ್ಲುತ್ತಿದ್ದವು. ಸಂಜೆ ತಾವಾಗಿಯೇ ಸರಿಯಾಗುತ್ತಿದ್ದವು. ರಿಪೇರಿಯವರು ಬಂದು, "ಗ್ಯಾಸ್ ಕಮ್ಮಿ ಆಗಿದೆ" ಎಂದು ತುಂಬಿ ಹೋದರು. 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಗ್ಯಾಸ್, 2025ರ ಮಾರ್ಚ್‌ನಲ್ಲಿ ಮಗದೊಮ್ಮೆ. ಕೊನೆಗೆ ಒಬ್ಬರು, ನಡುವಿನ ಪೆಟ್ಟಿಗೆಯ ಕಂಪ್ರೆಸರ್ ಹೋಗಿದೆ, ಒಂದೂಮುಕ್ಕಾಲು ಲಕ್ಷ ಆಗುತ್ತದೆ ಎಂದು ಚೀಟಿ ಬರೆದುಕೊಟ್ಟರು. ಸಮಿತಿ ಹೂಂ ಎನ್ನುವುದರಲ್ಲಿತ್ತು.

ಇಲ್ಲಿ ಮೇಷ್ಟ್ರ ಬುದ್ಧಿ ಬಿಡದೆ ಒಂದು ಮಾತು ಹೇಳಬೇಕು. ಏ.ಸಿ.ಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖಾಲಿಯಾಗುವ ವಸ್ತುವಲ್ಲ. ಮಣ್ಣಿನ ಹೂಜಿಯ ಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಹೂಜಿಯ ಶಾಖವನ್ನು ಹೊತ್ತೊಯ್ಯುವಂತೆ, ಕೋಣೆಯೊಳಗಿನ ಸುರುಳಿಯಲ್ಲಿ ಶೀತಕ ದ್ರವ ಆವಿಯಾಗಿ ಕೋಣೆಯ ಶಾಖವನ್ನು ಹೀರುತ್ತದೆ. ಹೂಜಿಯ ಆವಿ ಗಾಳಿಯಲ್ಲಿ ಸೇರಿ ಹೋಗುತ್ತದೆ. ಇಲ್ಲಿ ಹಾಗಲ್ಲ. ಕಂಪ್ರೆಸರ್ ಆ ಆವಿಯನ್ನು ಹಿಡಿದು ಒತ್ತಿ, ತಾರಸಿಯ ಸುರುಳಿಗೆ ಕಳಿಸುತ್ತದೆ. ಅಲ್ಲಿ ಫ್ಯಾನಿನ ಗಾಳಿಗೆ ಶಾಖ ಬಿಟ್ಟುಕೊಟ್ಟು ಅದು ಮತ್ತೆ ದ್ರವವಾಗುತ್ತದೆ. ಹಾಕಿದ ಗ್ಯಾಸೇ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ತೋರಿಸದೆ ಗ್ಯಾಸ್ ತುಂಬುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಸೋರದಿದ್ದರೂ ತುಂಬುವುದು ಇನ್ನೂ ಕೆಟ್ಟದ್ದು. ಹೆಚ್ಚಾದ ದ್ರವ ಹೊರಸುರುಳಿಯಲ್ಲಿ ತುಂಬಿಕೊಂಡು, ತಣಿಯಲು ಜಾಗವಿಲ್ಲದೆ ಒತ್ತಡ ಏರುತ್ತದೆ.

ಹೊಸ ಕಂಪ್ರೆಸರಿಗೆ ಸಹಿ ಬೀಳುವ ಮೊದಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆವು. ನೇಕಾರರ ಮನೆಯ ಹುಡುಗ. ಎಸ್ಸೆಸ್ಸೆಲ್ಸಿ ಆದ ಮೇಲೆ ಐ.ಟಿ.ಐ. ಓದಿ, ದೇವನಹಳ್ಳಿ ಕಡೆಯ ಕಟ್ಟಡಗಳಲ್ಲಿ ಇದೇ ಕೆಲಸ ಮಾಡುತ್ತಾನೆ. ಬಂದವನು ಸ್ಪ್ಯಾನರ್ ತೆಗೆಯಲಿಲ್ಲ. ಮೊದಲು ಕೇಳಿದ್ದು, "ಎಷ್ಟು ಗಂಟೆಗೆ ನಿಲ್ಲುತ್ತೆ ಸಾರ್?" ಆಮೇಲೆ ಪೆಟ್ಟಿಗೆಯೊಳಗಿನ ಫಲಕದಲ್ಲಿದ್ದ ಸಂಕೇತವನ್ನು ಕಂಪನಿಯ ಪುಸ್ತಕದಲ್ಲಿ ಹುಡುಕಿ ಓದಿದ. ಅಧಿಕ ಒತ್ತಡ ಎಂದಿತ್ತು. "ಗ್ಯಾಸ್ ಕಮ್ಮಿ ಇದ್ದರೆ ಒತ್ತಡ ಇಳೀಬೇಕು. ಇದು ಏರ್ತಾ ಇದೆ" ಎಂದ. ಸಮಿತಿಯ ಹಿರಿಯರೊಬ್ಬರು ಸಿಡುಕಿದರು: "ನಾಳಿದ್ದು ಮದುವೆ ಐತೆ. ಪಾಠ ಸಾಕು, ರಿಪೇರಿ ಮಾಡಪ್ಪ." ಅವನು, "ಒಂದು ಮಧ್ಯಾಹ್ನ ಟೈಮ್ ಕೊಡಿ" ಎಂದಷ್ಟೇ ಹೇಳಿದ.

ಮೂರು ಒಂದೇ ಬಗೆಯ ಪೆಟ್ಟಿಗೆಗಳು ಒಟ್ಟಿಗಿರುವುದು ಕಷ್ಟವೂ ಹೌದು, ಅನುಕೂಲವೂ ಹೌದು. ಒಂದನ್ನು ಇನ್ನೊಂದರ ಜೊತೆ ಹೋಲಿಸಬಹುದು. ನಾನು ಶಾಲೆಯ ಪ್ರಯೋಗಾಲಯದಿಂದ ನಾಲ್ಕು ಉಷ್ಣಮಾಪಕ ತಂದೆ. ಪ್ರತಿ ಪೆಟ್ಟಿಗೆ ಗಾಳಿ ಎಳೆದುಕೊಳ್ಳುವ ಬದಿಯಲ್ಲಿ, ಸುರುಳಿಯಿಂದ ಗೇಣು ದೂರಕ್ಕೆ ಒಂದೊಂದು ಕಟ್ಟಿದೆವು. ನಾಲ್ಕನೆಯದು ತಾರಸಿಯ ಆಚೆ ಮೂಲೆಯ ನೆರಳಿನಲ್ಲಿ. ಮಧ್ಯಾಹ್ನ ಎರಡಕ್ಕೆ ನೆರಳಿನಲ್ಲಿ 35 ಡಿಗ್ರಿ, ಎರಡು ತುದಿಯ ಪೆಟ್ಟಿಗೆಗಳ ಬಳಿ 41, ನಡುವಿನದರ ಬಳಿ 47! ಹುಡುಗ ಊದುಬತ್ತಿ ಹಚ್ಚಿ ನಡುವಿನ ಪೆಟ್ಟಿಗೆಯ ತಲೆಯ ಹತ್ತಿರ ಹಿಡಿದ. ಹೊಗೆ ಮೇಲಕ್ಕೆ ಹೋಗಿ ತಗಡಿಗೆ ಬಡಿದು, ಬಾಗಿ ಬಂದು ಅದೇ ಪೆಟ್ಟಿಗೆಯ ಪಕ್ಕದಿಂದ ಒಳಗೆ ನುಗ್ಗಿತು.

ತಗಡು! ಯಂತ್ರಗಳಿಗೆ ಬಿಸಿಲು ಮಳೆ ತಾಗದಿರಲಿ ಎಂದು ಯಾರೋ ಪ್ರೀತಿಯಿಂದ ಹಾಕಿಸಿದ ಚಪ್ಪರ ಅದು. ಹೊರಪೆಟ್ಟಿಗೆಗಳು ಬಿಸಿಲು ಮಳೆಗೆಂದೇ ಮಾಡಿದವು. ಅವಕ್ಕೆ ಬೇಕಾದದ್ದು ತಲೆಯ ಮೇಲೆ ಬಯಲು. ತಾವೇ ಉಗಿದ ಬಿಸಿಗಾಳಿಯನ್ನು ತಾವೇ ಕುಡಿಯುತ್ತಿದ್ದವು. ಎರಡೂ ಬದಿಯ ಬಿಸಿ ಸೇರಿದ್ದರಿಂದ ನಡುವಿನದು ಮೊದಲು ಬೀಳುತ್ತಿತ್ತು. ನಮ್ಮ ಯಂತ್ರದಲ್ಲಿದ್ದ ಆರ್-410ಎ ಎಂಬ ಶೀತಕ 50 ಡಿಗ್ರಿಯಲ್ಲಿ ದ್ರವವಾಗಲು ವಾತಾವರಣದ ಸುಮಾರು 30 ಪಟ್ಟು ಒತ್ತಡ ಬೇಕು, 60 ಡಿಗ್ರಿಯಲ್ಲಿ ಸುಮಾರು 38 ಪಟ್ಟು. 40ರ ಹತ್ತಿರ ಬಂದರೆ ರಕ್ಷಣೆಯ ಸ್ವಿಚ್ ಯಂತ್ರವನ್ನು ನಿಲ್ಲಿಸುತ್ತದೆ. ಕಂಪ್ರೆಸರ್ ಕೆಟ್ಟಿರಲಿಲ್ಲ. ಕೆಡದಂತೆ ತನ್ನನ್ನು ಕಾಪಾಡಿಕೊಳ್ಳುತ್ತಿತ್ತು.

ನಾನು ಲೆಕ್ಕದ ಪುಸ್ತಕ ತಿರುವಿದೆ. ತಗಡಿನ ಬಿಲ್ಲು 2022ರ ನವೆಂಬರಿನದು. ಮೊದಲ ಗ್ಯಾಸಿನ ಬಿಲ್ಲು 2023ರ ಮೇ ತಿಂಗಳದು. ಅದಕ್ಕೆ ಹಿಂದಿನ ಬೇಸಿಗೆಯಲ್ಲಿ ಒಂದು ದೂರೂ ಇರಲಿಲ್ಲ. ಕೆಡುವ ಮುಂಚೆ ಏನು ಬದಲಾಯಿತು ಎಂಬ ಪ್ರಶ್ನೆಗೆ ಉತ್ತರ ಎರಡು ಪುಟಗಳ ಅಂತರದಲ್ಲಿತ್ತು.

ಆದರೂ ಹುಡುಗ ಇಡೀ ಚಪ್ಪರ ಕೀಳಿಸಲಿಲ್ಲ. ಮೊದಲು ನಡುವಿನ ಪೆಟ್ಟಿಗೆಯ ಮೇಲಿನ ಎರಡು ತಗಡು ಮಾತ್ರ ಬಿಚ್ಚಿಸಿ ಅರ್ಧ ಗಂಟೆ ಕಾದ. 47 ಇದ್ದದ್ದು 38ಕ್ಕೆ ಇಳಿಯಿತು. ಆಮೇಲೆ ಉಳಿದದ್ದನ್ನು ಬಿಚ್ಚಿದರು. ಹೆಚ್ಚುವರಿ ಗ್ಯಾಸನ್ನು ಅವನು ಗಾಳಿಗೆ ಬಿಡಲಿಲ್ಲ. ಇದ್ದದ್ದನ್ನೆಲ್ಲ ಸಿಲಿಂಡರುಗಳಿಗೆ ಎಳೆದು, ಪೆಟ್ಟಿಗೆಯ ಫಲಕ ಮತ್ತು ಕೊಳವೆಯ ಉದ್ದ ನೋಡಿ ಲೆಕ್ಕ ಹಾಕಿ, ತೂಗಿ ತುಂಬಿದ. ಈ ಶೀತಕ ಒಂದು ಕಿಲೋ ಗಾಳಿಗೆ ಸೇರಿದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಎರಡು ಸಾವಿರ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ. ಇಂಥವನ್ನು ಕಡಿಮೆ ಮಾಡಲೆಂದೇ 2016ರಲ್ಲಿ ಕಿಗಾಲಿಯಲ್ಲಿ ಜಗತ್ತಿನ ದೇಶಗಳು ಒಪ್ಪಂದ ಮಾಡಿಕೊಂಡವು. 2021ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಒಪ್ಪಂದ ಆಫ್ರಿಕದಲ್ಲಾದರೂ ಅದನ್ನು ಪಾಲಿಸಬೇಕಾದವನು ನಮ್ಮೂರ ತಾರಸಿಯ ಮೇಲೆ ಬಿಸಿಲಲ್ಲಿ ಕೂತಿರುತ್ತಾನೆ.

ಎಲ್ಲ ದೋಷವೂ ತಗಡಿನಿಂದಲೇ ಬರುವುದಿಲ್ಲ. ನಿಜಕ್ಕೂ ಗ್ಯಾಸ್ ಸೋರುವುದುಂಟು. ಆಗ ನೈಟ್ರೋಜನ್ ತುಂಬಿ, ಕೊಳವೆಯ ಕೂಡುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಬೇಕು. ಒಂದು ಫೇಸ್ ಹೋಗಿರಬಹುದು, ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಮಾತಾಡುವ ತಂತಿಯನ್ನು ಇಲಿ ಕಡಿದಿರಬಹುದು, ಸುರುಳಿಗೆ ದೂಳು ಮೆತ್ತಿರಬಹುದು. ಯಾವುದೇ ಇರಲಿ, ರಿಪೇರಿಯವರನ್ನು ಮೂರು ಮಾತು ಕೇಳಿ: ಏನು ಅಳೆದಿರಿ? ಎಷ್ಟು ಬಂತು? ಎಷ್ಟಿರಬೇಕಿತ್ತು? ಉತ್ತರ ಬಾರದಿದ್ದರೆ ಬರೆ ಎಮ್ಮೆಗೆ ಬೀಳುತ್ತಿದೆ ಎಂದು ತಿಳಿಯಿರಿ.

ಮದುವೆ ತಂಪಾಗಿ ನಡೆಯಿತು. ಮುಂದಿನ ಸಭೆಯಲ್ಲಿ ಹುಡುಗನ ಬಿಲ್ಲು ಬಂತು. ಗ್ಯಾಸ್ ತೂಗಿ ತುಂಬಿದ ಕೂಲಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಅದರ ಮೇಲಿನ ಸಾಲು, "ದೋಷ ಪತ್ತೆ, ನಾಲ್ಕು ಸಾವಿರ ರೂಪಾಯಿ" ಎಂಬುದಕ್ಕೆ ಮಾತ್ರ ಗದ್ದಲವಾಯಿತು. "ತಗಡು ಬಿಚ್ಚೋದಕ್ಕೆ ನಾಲ್ಕು ಸಾವಿರವಾ? ಏನು ಸಾಮಾನು ಹಾಕಿದ್ದಾನೆ?" ಎಂದರು ಅದೇ ಹಿರಿಯರು. ಮೂರು ವರ್ಷ ಗ್ಯಾಸಿಗೆ ತುಟಿಪಿಟಕ್ಕೆನ್ನದೆ ಕೊಟ್ಟ ಸಮಿತಿ ಅದು. ಕೈಗೆ ಸಿಗುವ ಸಾಮಾನಿಗೆ ನಾವು ಬೆಲೆ ಕೊಡುತ್ತೇವೆ. ಬಿಸಿಲಲ್ಲಿ ನಿಂತು ಯೋಚಿಸಿದ್ದಕ್ಕೆ ಕೊಡಲು ನಮ್ಮ ಕೈ ಏಳುವುದಿಲ್ಲ. ಹೀಗಾದರೆ ಯೋಚಿಸುವ ಹುಡುಗರೂ ನಾಳೆ ಗ್ಯಾಸ್ ತುಂಬುವುದನ್ನೇ ಕಲಿತಾರು.

ಅರ್ಧ ಗಂಟೆ ವಾದವಾಗಿ ಬಿಲ್ಲು ಪಾಸಾಯಿತು. ಪುಸ್ತಕದಲ್ಲಿ ಅದನ್ನು ಯಾವ ಖಾತೆಗೆ ಬರೆಯಲಿ ಎಂದು ಕೇಳಿದೆ. ಯಾರಿಗೂ ಹೊಳೆಯಲಿಲ್ಲ. ಹೊಸ ಪುಟ ತಿರುವಿ, ದುರಸ್ತಿ ಖಾತೆಯ ಪಕ್ಕದಲ್ಲಿ "ಪತ್ತೆ" ಎಂದು ಬೇರೆಯೇ ಒಂದು ಖಾತೆ ತೆರೆದೆ.